ಬಿಟ್ಟ ಪಾಳಿ

ಬೋರ್ಡು ಬರೆಸಿಕೊಂಡು ಬಂದ ದಿನ ಅದನ್ನು ಪಡಸಾಲೆಯ ಗೋಡೆಗೆ ಒರಗಿಸಿ ಇಟ್ಟಿದ್ದರು. ಬಣ್ಣ ಇನ್ನೂ ಹಸಿಯಾಗಿತ್ತು. ಜಿನ್ನಪ್ಪ ಮಗದುಮ್ಮ ಕಣ್ಣು ಕಿರಿದು ಮಾಡಿ, ಗಾಳಿಯಲ್ಲಿ ಬೆರಳಾಡಿಸುತ್ತ, ಒಂದೊಂದೇ ಅಕ್ಷರ ಬಿಡಿಸಿ ಓದಿದರು: ‘ಮಣ್ಣು ಮತ್ತು ನೀರು ಸಲಹಾ ಕೇಂದ್ರ, ಕಾಗವಾಡ. ಶಾಂತಿನಾಥ ಜಿ. ಮಗದುಮ್ಮ, ಬಿ.ಎಸ್ಸಿ. ಕೃಷಿ, ಧಾರವಾಡ.’

“ಮಣ್ಣ ಮಾರಾವನೋ, ನೀರ ಮಾರಾವನೋ?” ಎಂದು ಕಿರಿಯ ಮಗನನ್ನು ಕೇಳಿದರು.

“ಏನೂ ಮಾರೂದಿಲ್ಲಪ್ಪಾ. ಸಲಹಾ ಕೊಡತೀನಿ. ಎಷ್ಟ ನೀರ ಹಾಯ್ಸಬೇಕು, ಏನ ಬೆಳೀಬೇಕು, ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹೊಲ ಹೊಲಾ ಆಗೇ ಉಳೀಬೇಕಂದ್ರ ಏನ ಮಾಡಬೇಕು, ಅದನ್ನ ಹೇಳತೀನಿ.”

“ಅಷ್ಟ ಹೇಳೂದಕ್ಕ ರೊಕ್ಕ ತಗೋತಿ?”

“ಹ್ಞೂ.”

“ಅಗಸಿ ಕಟ್ಟಿ ಮ್ಯಾಲೆ ಹತ್ತ ಮಂದಿ ಕುಂತಾರಲ್ಲೋ, ಹಲ್ಲ ಬಂದಾಗಿಂದ ಪುಕ್ಕಟೆ ಸಲಹಾ ಕೊಡಕೋತ. ಅವರ ಮುಂದ ನಿನ್ನ ಅಂಗಡಿ ನಡದೀತ?”

ಒಳಗೆ ಹಿರಿಯ ಸೊಸೆ ಸುಗಂಧಾ ಕಿಸಕ್ಕನೆ ನಕ್ಕಳು; ರೊಟ್ಟಿ ಬಡಿಯುವ ಸಪ್ಪಳ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಚಂದ್ರಮತಿ ನಗಲಿಲ್ಲ. ಕಂಬಕ್ಕೆ ಬೆನ್ನು ಕೊಟ್ಟು ಅಕ್ಕಿ ಆರಿಸುತ್ತ ಗಂಡನ ಮಾತನ್ನೂ ಮಗನ ಮಾತನ್ನೂ ಕೇಳುತ್ತಿದ್ದಳು. ಆಡುವುದಕ್ಕಿಂತ ಕೇಳುವುದೇ ಅವಳಿಗೆ ರೂಢಿ. ಅಕ್ಷರ ಕಲಿತವಳಲ್ಲ. ಬಸದಿಯಲ್ಲಿ ಓದುವವರ ರಾಗ ಏರಿ ಇಳಿಯುವುದನ್ನು ಕೇಳುತ್ತಲೇ ಬೆಳೆದು, ನೂರಾರು ಪದ್ಯಗಳನ್ನು ಎದೆಯಲ್ಲಿ ಇಟ್ಟುಕೊಂಡವಳು.

ಹಿರಿಯ ಮಗ ಧರಣೇಂದ್ರ ಹೊಲದಿಂದ ಬಂದು ಕಾಲು ತೊಳೆದುಕೊಂಡ. ಬೋರ್ಡಿನ ಕಡೆ ನೋಡಲಿಲ್ಲ.

“ಕಾಗವಾಡದ ಖೋಲಿ ಬಾಡಿಗಿ ಎಷ್ಟು?” ಎಂದ.

“ತಿಂಗಳಿಗೆ ನೂರಾ ಐವತ್ತು. ಕಾಲ ಊರೂತನಕ ನೀನ ಕೊಡಬೇಕಣ್ಣಾ,” ಎಂದ ಶಾಂತಿನಾಥ.

“ನಾ ಎಲ್ಲಿಂದ ಕೊಡಲೋ. ಮ್ಯಾಲಿನ ಹೊಲದ ಕಬ್ಬ ಕೊಡತೈತಿ.”

ಜಿನ್ನಪ್ಪ ತೀರ್ಪು ಹೇಳಿಬಿಟ್ಟರು: “ಒಂದ ವರ್ಷ ನೋಡತೀನಿ. ನಡೀಲಿಲ್ಲಂದ್ರ ಸಕ್ಕರಿ ಕಾರಖಾನ್ಯಾಗ ಫೀಲ್ಡ್‌ಮನ್ ಅಂತ ಹಾಜರಾಗಬೇಕು. ಅಲ್ಲೆ ಮಾತಾಡಿ ಇಟ್ಟೀನಿ.”

ಅದು ತೊಂಬತ್ತೆರಡನೆಯ ಇಸವಿಯ ಆಷಾಢ. ಕೃಷ್ಣೆಯ ದಂಡೆಯ ಅವರ ಊರಿನಿಂದ ಕಾಗವಾಡಕ್ಕೆ ಸೈಕಲ್ ಮೇಲೆ ಅರ್ಧ ತಾಸಿನ ದಾರಿ. ಬಸ್‌ಸ್ಟ್ಯಾಂಡಿನ ಎದುರು, ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲಿನ ಖೋಲಿಯಲ್ಲಿ ಒಂದು ಮೇಜು, ಎರಡು ಕುರ್ಚಿ, ಮಣ್ಣು ಪರೀಕ್ಷೆಯ ಒಂದಿಷ್ಟು ಗಾಜಿನ ನಳಿಕೆ ಇಟ್ಟುಕೊಂಡು ಶಾಂತಿನಾಥ ಕೂತ. ಜನ ಬರಲಿಲ್ಲವೆಂದಲ್ಲ. ಅಥಣಿಯ ಬಸ್ಸು ತಡವಾದಾಗಲೆಲ್ಲ ನೆರಳಿಗೆಂದು ಮೆಟ್ಟಿಲು ಹತ್ತಿ ಬಂದರು. ಒಬ್ಬ ಎಮ್ಮೆಗೆ ಜ್ವರದ ಔಷಧಿ ಕೇಳಿದ. ಇನ್ನೊಬ್ಬ ತಹಶೀಲ್ದಾರರಿಗೆ ಅರ್ಜಿ ಬರೆಸಿಕೊಂಡು ಹೋದ. ನಿಜವಾದ ಹೊಲದ ಮಾತು ತಂದವರು ಬರುತ್ತಿದ್ದುದು ಕೆಲಸ ಮುಗಿದ ಮೇಲೆ, ಹೊತ್ತು ಇಳಿಯುವಾಗ. ಆದರೆ ಜೈನರ ಈ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ.

ಚಂದ್ರಮತಿ ದಿನಾ ಹೊಸ್ತಿಲಲ್ಲಿ ನಿಂತು ಒಮ್ಮೆ ದಾರಿ ನೋಡುವಳು, ಒಮ್ಮೆ ಸೂರ್ಯನನ್ನು ನೋಡುವಳು. ರೊಟ್ಟಿ, ಹೀರೇಕಾಯಿ ಪಲ್ಯ, ಶೇಂಗಾ ಹಿಂಡಿ ಬಡಿಸಿದ ತಾಟು ಮುಚ್ಚಿಟ್ಟೇ ಇರುತ್ತಿತ್ತು. ಹೊತ್ತು ಮುಳುಗುವುದು, ಆಮೇಲೆ ಸೈಕಲ್ಲಿನ ಸಪ್ಪಳ ಕೇಳುವುದು.

“ಇವತ್ತೂ ಉಪವಾಸ?” ಎನ್ನುವಳು ಸುಗಂಧಾ. “ನಿಮ್ಮ ಗಿರಾಕಿಗೋಳು ಎರಡ ತಾಸ ಮೊದಲ ಬಂದ್ರ ಏನಾಗತೈತಿ, ಶಾಂತಣ್ಣಾ? ಇಷ್ಟ ಉಪವಾಸ ಮಾಡಿದ್ರ ಬಸದ್ಯಾಗ ಕಲ್ಲಿನ ಪಾಟೀ ಮ್ಯಾಲೆ ನಿಮ್ಮ ಹೆಸರ ಕೊರಸತಾರ.”

“ಬೋರ್ಡ ಒಂದ ಐತಲ್ಲ ವೈನಿ, ಸಾಕು,” ಎಂದು ನಗುತ್ತ ಸೋಸಿದ ನೀರನ್ನೂ ಕುಡಿಯದೆ ಮಲಗುವನು.

ಅವನು ಹೇಳುತ್ತಿದ್ದುದು ಸುಲಭದ ಮಾತು. ದಿಬ್ಬದಿಂದ ಹಳ್ಳದವರೆಗೆ ಇಳಿಜಾರಿನಲ್ಲಿ ಹನ್ನೆರಡು ಮನೆಗಳ ಹೊಲ. ಲಿಫ್ಟ್ ಸಂಘದವರು ಹೊಳೆಯ ನೀರನ್ನು ಎತ್ತಿ ಪೈಪಿನಲ್ಲಿ ತಂದಾಗಿನಿಂದ ಎಲ್ಲರದೂ ಕಬ್ಬು. ಹನ್ನೆರಡು ದಿನಕ್ಕೊಮ್ಮೆ ಮನೆಗೊಂದು ಪಾಳಿ. ಪಾಳಿ ಬಂತೆಂದರೆ ಬೇಕಿರಲಿ ಬಿಡಲಿ, ಹೊಲ ತುಂಬ ನೀರು ನಿಲ್ಲಿಸುವುದು. ಹದಿನೈದು ವರ್ಷ ಹೀಗೆ ಕುಡಿದ ನೆಲ ಒಳಗೇ ನೀರು ತುಂಬಿಕೊಂಡು, ಬಿಸಿಲಿಗೆ ಉಪ್ಪನ್ನು ಮೇಲೆ ಕಕ್ಕತೊಡಗಿತ್ತು. ಕೆಳಗಿನ ಹೊಲಗಳ ಬದುವಿನಲ್ಲಿ ಆಗಲೇ ಸವಳು ಬೆಳ್ಳಗೆ ಕಾಣುತ್ತಿತ್ತು. ಚಂದ್ರಮತಿಗೆ ತವರಿನಿಂದ ಬಂದ ಎರಡು ಎಕರೆ ಇದ್ದುದೂ ಅಲ್ಲೇ, ಹಳ್ಳದ ದಂಡೆಗೆ. ಧರಣೇಂದ್ರ ದುಡಿಯುತ್ತಿದ್ದ ನಾಲ್ಕು ಎಕರೆ ದಿಬ್ಬದ ಮೇಲೆ.

“ಎರಡ ಪಾಳಿಗೆ ಒಂದ ಪಾಳಿ ಬಿಡ್ರಿ,” ಎಂದು ಶಾಂತಿನಾಥ ಮನೆಮನೆಗೆ ಹೋಗಿ ಹೇಳಿದ. “ಎರಡ ವರ್ಷದಾಗ ನೆಲದಾಗಿನ ನೀರ ಕೆಳಗ ಇಳೀತೈತಿ. ಸವಳ ನಿಲ್ಲತೈತಿ.”

“ಬಂದ ನೀರ ಬ್ಯಾಡ ಅನ್ನೂದು ಯಾವ ಸಾಲ್ಯಾಗ ಕಲಸತಾರಪಾ?” ಎಂದ ದಿಬ್ಬದ ಕಾಡಸಿದ್ದ. ಉಳಿದವರು ಚಹಾ ಕೊಟ್ಟು ಕಳಿಸಿದರು.

ಆ ವರ್ಷ ಊರ ಬಸದಿಯಲ್ಲಿ ಮುನಿ ಮಹಾರಾಜರೊಬ್ಬರು ಚಾತುರ್ಮಾಸಕ್ಕೆ ನಿಂತಿದ್ದರು. ಸಾಯಂಕಾಲದ ಪ್ರವಚನಕ್ಕೆ ಜೈನರಷ್ಟೇ ಅಲ್ಲ, ಊರೆಲ್ಲ ಸೇರುತ್ತಿತ್ತು. ಕಾರ್ತಿಕ ಹತ್ತಿರ ಬಂದಾಗ ಒಂದು ಮಧ್ಯಾಹ್ನ, ಹೆಸರುಬೇಳೆ ಕೇರುತ್ತಿದ್ದ ಚಂದ್ರಮತಿ ಮಗನಿಗೆ ಹೇಳಿದಳು:

“ಮಂದಿ ನಿನ್ನ ಮಾತ ಕೇಳೂದಿಲ್ಲ ಶಾಂತೂ. ಮಹಾರಾಜರ ಮಾತ ಕೇಳತಾರ. ಹೋಗೂವಾಗ ಅವರು ಎಲ್ಲಾರಿಗೂ ಒಂದ ನೇಮಾ ಕೊಡತಾರಲ್ಲ. ಒಬ್ಬರು ಸಿಹಿ ಬಿಡತಾರ, ಒಬ್ಬರು ತುಪ್ಪ ಬಿಡತಾರ. ಪಾಳಿ ಬಿಡಸು.”

ಶಾಂತಿನಾಥ ಅವಳ ಮೋರೆ ನೋಡಿದ. “ಇದು ಧರ್ಮದ ಮಾತಲ್ಲವ್ವಾ, ನಾ ಓದಿದ್ದು.”

“ಎರಡರಾಗೂ ನೀರ ಉಳಸೂದ ಐತಿಲ್ಲ?”

ಅವನು ಎರಡು ದಿನ ಒದ್ದಾಡಿ ಮೂರನೆಯ ದಿನ ಬಸದಿಗೆ ಹೋದ. ಮಹಾರಾಜರು ಪೂರ್ತಿ ಕೇಳಿದರು. ನೀರಿನಲ್ಲಿ ಜೀವವಿದೆ, ಬೇಕಾದಷ್ಟಕ್ಕಿಂತ ಹೆಚ್ಚು ಮುಟ್ಟುವುದು ಹಿಂಸೆ, ನಿನ್ನ ಮಾತು ಸರಿಯಾಗಿದೆ ಎಂದರು. ಚಾತುರ್ಮಾಸ ಮುಗಿದು ವಿಹಾರಕ್ಕೆ ಹೊರಡುವ ದಿನ ಅಂಗಳದಲ್ಲಿ ಹನ್ನೆರಡು ಮನೆಯವರೂ ನಿಂತಿದ್ದರು. ಒಂಬತ್ತು ಮನೆಯವರು ಕೈ ಮುಗಿದು, ಬರುವ ಕಾರ್ತಿಕದವರೆಗೆ ಒಂದು ಬಿಟ್ಟು ಒಂದು ಪಾಳಿಯನ್ನು ಮುಟ್ಟುವುದಿಲ್ಲವೆಂದು ನೇಮ ತೊಟ್ಟರು. ಒಂಬತ್ತೂ ಕೆಳಗಿನ ಹೊಲದವರೇ. ಚಂದ್ರಮತಿ ಮೊದಲು ಹೇಳಿದಳು. ಅವಳ ಹಿಂದೆ, ಅವಳ ಹೊಲಕ್ಕೆ ಹೊಲ ಹತ್ತಿದ ರುಕ್ಮವ್ವ ಹೇಳಿದಳು. ರುಕ್ಮವ್ವ ಜೈನರವಳಲ್ಲ, ಗಂಡ ತೀರಿಕೊಂಡ ಮೇಲೆ ಒಂದೂವರೆ ಎಕರೆಯಲ್ಲಿ ಒಬ್ಬಳೇ ದುಡಿಯುವವಳು. “ಚಂದ್ರಮತಕ್ಕ ಬಿಟ್ಟದ್ದು ನಾನೂ ಬಿಟ್ಟೆ,” ಎಂದಳು. ಧರಣೇಂದ್ರ ಕೈ ಮುಗಿದುಕೊಂಡು ನಿಂತಿದ್ದ, ಬಾಯಿ ತೆರೆಯಲಿಲ್ಲ.

ಎಲ್ಲ ನೇಮಕ್ಕೂ ಹೇಳುವ ಮಾತನ್ನು ಮಹಾರಾಜರು ಇದಕ್ಕೂ ಹೇಳಿದರು: “ಬಿಟ್ಟುದರ ಕಡೆಗೆ ಮತ್ತೆ ಕಣ್ಣು ಹೊರಳಿಸಬೇಡಿ. ಅದನ್ನು ಯಾರು ಉಂಡರು, ಅದು ಎಲ್ಲಿ ಹೋಯಿತು ಎಂದು ವಿಚಾರಿಸಿದರೆ ಬಿಟ್ಟಂತೆ ಆಗುವುದಿಲ್ಲ.” ಆಮೇಲೆ ನವಿಲುಗರಿಯ ಪಿಂಛಿ ಎತ್ತಿಕೊಂಡು ಬರಿಗಾಲಲ್ಲಿ ಉತ್ತರದ ದಾರಿ ಹಿಡಿದರು.

ಮುಂದಿನ ಕೆಲವು ವಾರ ಮನೆಯಲ್ಲಿ ಯಾರೂ ಜಗಳಾಡಲಿಲ್ಲ. ಉಳಿದ ಎಂಟು ಮನೆಯವರು ಸಲಹೆಯ ಶುಲ್ಕವೆಂದು ಐವತ್ತೈವತ್ತು ರೂಪಾಯಿ ಕೊಟ್ಟರು. ರುಕ್ಮವ್ವ ಸೆರಗಿನಲ್ಲಿ ಎರಡು ಸೇರು ಶೇಂಗಾ ಕಟ್ಟಿಕೊಂಡು ಬಂದಳು. ಶಾಂತಿನಾಥ ಒಂದೊಂದು ಹೊಲದಲ್ಲೂ ತೂತು ಕೊರೆದ ಪ್ಲಾಸ್ಟಿಕ್ ಪೈಪನ್ನು ಆಳಕ್ಕೆ ನೆಟ್ಟ. ವಾರಕ್ಕೊಮ್ಮೆ ಅದರೊಳಗೆ ಗುಂಡು ಕಟ್ಟಿದ ಹುರಿ ಇಳಿಬಿಟ್ಟು, ನೆಲದ ನೀರು ಎಷ್ಟು ಕೆಳಗಿದೆ ಎಂದು ಅಳೆದು ಬರೆದುಕೊಳ್ಳುವನು.

“ಹೊಲಕ್ಕ ಜ್ವರ ಅದಾವೇನು? ಥರ್ಮಾಮೀಟರ್ ಚುಚ್ಚೀರಿ,” ಎಂದ ಸಂಘದ ಪಾಟಕರಿ ಬಾಬಾಸಾಹೇಬ. ಪೈಪಿನ ಕೀಲಿ ತಿರುಗಿಸಿ ಪಾಳಿಯವರಿಗೆ ನೀರು ಬಿಡುವುದು ಅವನ ಕೆಲಸ.

“ಇಳಿಯಾಕತ್ತೈತಿ, ಬಾಬಾಸಾಹೇಬ. ಉಗಾದಿಗೆ ನೋಡಂತಿ,” ಎಂದ ಶಾಂತಿನಾಥ.

ಜಿನ್ನಪ್ಪ ಕೂಡ ಒಂದು ದಿನ ಉಣ್ಣುತ್ತ, “ಶುಲ್ಕಾ ಕೊಟ್ಟರಂದ್ರ ಏನೋ ಐತಿ,” ಎಂದರು. ಅಷ್ಟು ಮಾತಿಗೆ ಹುಡುಗನ ಮೋರೆ ಅರಳಿತು. ಚಂದ್ರಮತಿ ಅವನ ತಾಟಿಗೆ ಇನ್ನೊಂದು ಸೌಟು ಬೇಳೆ ಹಾಕಿದಳು.

ಪುಷ್ಯ ಮಾಸದಲ್ಲಿ ಅವಳಿಗೆ ಒಂದು ವಿಷಯ ತಟ್ಟಿತು. ಅಷ್ಟಮಿ, ಚತುರ್ದಶಿ ಉಪವಾಸ ಮಾಡುವವಳಿಗೆ ತಿಥಿ ತಪ್ಪುವುದಿಲ್ಲ. ದಿಬ್ಬದ ಹೊಲದ ಪಾಳಿ ದಶಮಿಗೆ ಮುಗಿದಿತ್ತು. ಚತುರ್ದಶಿಯ ದಿನ ಧರಣೇಂದ್ರ ಮೊಣಕಾಲವರೆಗೆ ಹಸಿ ಕೆಸರು ಬಡಿದುಕೊಂಡು ಬಂದ. ಮತ್ತೆ ಎರಡು ದಿನ ಬಿಟ್ಟು ಸುಗಂಧಾ ಹೊಲಕ್ಕೆ ಬುತ್ತಿ ಕಟ್ಟಿದಳು. ನೀರು ಹಾಯಿಸುವವರಿಗಷ್ಟೇ ಹೊಲಕ್ಕೆ ಬುತ್ತಿ ಹೋಗುವುದು. ಆ ಹದಿನೈದು ದಿನದಲ್ಲಿ ಐದು ಸಲ ಬುತ್ತಿ ಹೋಯಿತು.

“ಇವತ್ತ ಯಾರ ಪಾಳಿ, ಸುಗಂಧಾ?” ಎಂದಳು.

ಸುಗಂಧಾ ಬಟ್ಟೆಯ ಗಂಟು ಬಿಗಿಯುತ್ತ ತಲೆ ಎತ್ತಲಿಲ್ಲ. “ನನ್ನ ಕೇಳಬ್ಯಾಡ್ರಿ ಅತ್ತಿ. ನಿಮ್ಮ ಮಗನ್ನ ಕೇಳ್ರಿ.”

ಕೇಳುವುದೇ ತಪ್ಪೆಂದು ಚಂದ್ರಮತಿಗೆ ಗೊತ್ತಿತ್ತು. ಬಿಟ್ಟ ಪಾಳಿಯ ದಿನ ಅವಳು ಹೊಲದ ಕಡೆ ತಲೆ ಹಾಕುತ್ತಿರಲಿಲ್ಲ. ರುಕ್ಮವ್ವನೂ ಅಷ್ಟೇ, ಉಳಿದವರೂ ಅಷ್ಟೇ. ಒಂಬತ್ತು ಮನೆಯವರೂ ನೇಮಕ್ಕೆ ಕುಂದು ಬಾರದಂತೆ ಆ ದಿನ ಆ ದಾರಿಯನ್ನೇ ತುಳಿಯುತ್ತಿರಲಿಲ್ಲ. ಆದರೂ ಧರಣೇಂದ್ರ ದನದ ಕೊಟ್ಟಿಗೆಯಲ್ಲಿ ಒಬ್ಬನೇ ಇದ್ದಾಗ ಹೋಗಿ ಕೇಳಿದಳು.

ಅವನು ಮುಚ್ಚಿಡಲಿಲ್ಲ. “ಕಳವ ಮಾಡಿಲ್ಲವ್ವಾ. ನೀವು ಬಿಟ್ಟೀರಿ, ನಾ ಹಿಡದೀನಿ. ಮೋಟರ ಚಾಲೂ ಇರತೈತಿ, ನೀರ ಪೈಪಿನ್ಯಾಗ ಬಂದ ಬಿಡತೈತಿ. ಬಾಬಾಸಾಹೇಬ ಅದನ್ನ ಎಲ್ಲ್ಯಾರ ಬಿಡಾಕ ಬೇಕಲ್ಲ. ನಾ ಒಲ್ಲೆ ಅಂದ್ರ ಕಾಡಸಿದ್ದ ಹಿಡಿತಾನ.”

“ಹೊಳ್ಯಾಗ ಉಳೀತೈತಿ ಅಂತ ಶಾಂತೂ ಅಂದಿದ್ನಲ್ಲೋ.”

“ಅವಗ ಮಣ್ಣ ಗೊತ್ತು. ಮೋಟರ ಗೊತ್ತಿಲ್ಲ. ಸಂಘದವರನ್ನ ಒಂದ ಮಾತ ಕೇಳ್ಯಾನೇನು, ಬಿಟ್ಟ ದಿನ ಮೋಟರ ಬಂದ ಮಾಡತೀರೇನು ಅಂತ?”

“ಮ್ಯಾಲ ಹಾಯ್ಸಿದ್ದು ಕೆಳಗ ಇಳಿಯೂದಿಲ್ಲೇನೋ?”

ಧರಣೇಂದ್ರ ಎತ್ತಿನ ಬೆನ್ನು ತಿಕ್ಕುವುದನ್ನು ನಿಲ್ಲಿಸಿದ. “ಅವನ ಓದು ಯಾವ ಹೊಲದ ಕಬ್ಬಿಂದವ್ವಾ? ಖೋಲಿ ಬಾಡಿಗಿ ಯಾವ ಹೊಲದ್ದು? ಈ ಸರ್ತಿ ಆ ನೀರಿಂದ ಎಕರೇಕ ಹತ್ತ ಟನ್ ಹೆಚ್ಚ ಬರತೈತಿ. ಅದರಾಗ ಅವನೂ ಉಣತಾನ. ಅವಗ ಹೇಳಾಕಿದ್ರ ಹೇಳು, ನಾ ಒಲ್ಲೆ ಅನ್ನೂದಿಲ್ಲ.”

ಅವಳು ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಳ್ಳುತ್ತ ಪುಷ್ಯ ಕಳೆಯಿತು, ಮಾಘವೂ ಕಳೆಯಿತು. ಹೇಳಿದರೆ ಅಣ್ಣತಮ್ಮಂದಿರ ತಾಟು ಬೇರೆಯಾದೀತು ಎಂಬ ಅಂಜಿಕೆ ಒಂದು. ಕಣ್ಣು ಹೊರಳಿಸಿ ನೇಮಕ್ಕೆ ತಾನೇ ಕುಂದು ತಂದೆ ಎಂಬ ನಾಚಿಕೆ ಇನ್ನೊಂದು.

ಅತ್ತ ಪೈಪಿನೊಳಗಿನ ನೀರು ಇಳಿಯಲಿಲ್ಲ. ಮೊದಲು ನಿಂತಿತು, ಆಮೇಲೆ ಏರತೊಡಗಿತು. ಶಾಂತಿನಾಥ ಹುರಿ ಬದಲಿಸಿದ. ಪೈಪು ಕಿತ್ತು ಬೇರೆ ಕಡೆ ನೆಟ್ಟ. ಧಾರವಾಡದ ಗುರುಗಳಿಗೆ ಕಾಗದ ಬರೆದ. ಅಳತೆಯನ್ನು ಇನ್ನೊಮ್ಮೆ ತೆಗೆದು ನೋಡು ಎಂದು ಅಲ್ಲಿಂದ ಉತ್ತರ ಬಂತು. ಅಳತೆ ಸರಿಯಾಗಿಯೇ ಇತ್ತು. ಉಣ್ಣುವಾಗ ರೊಟ್ಟಿ ಮುರಿದು ಹಾಗೇ ಕೈಯಲ್ಲಿ ಹಿಡಿದು ಕೂಡುವನು. ಮೊದಲು ಗಿರಾಕಿಗಳಿಗೋಸ್ಕರ ಊಟ ತಪ್ಪುತ್ತಿತ್ತು. ಈಗ ಹೊತ್ತಿಗೆ ಸರಿಯಾಗಿ ಮನೆಯಲ್ಲಿ ಇರುತ್ತಿದ್ದ, ಊಟ ಸೇರುತ್ತಿರಲಿಲ್ಲ.

ಫಾಲ್ಗುಣದ ಬಿಸಿಲಿಗೆ ರುಕ್ಮವ್ವನ ಹೊಲ ಬೆಳ್ಳಗಾಯಿತು. ಬದುವಿನಿಂದ ನಡುವಿನವರೆಗೆ ಹಿಟ್ಟು ಚೆಲ್ಲಿದ ಹಾಗೆ. ಕಬ್ಬಿನ ಗರಿ ತುದಿಯಿಂದ ಸುಡುತ್ತ ಬಂತು. ಚಂದ್ರಮತಿಯ ಎರಡು ಎಕರೆಯೂ, ಉಳಿದ ಏಳು ಮನೆಯವರದೂ ಒಂದೊಂದಾಗಿ ಅದೇ ದಾರಿ ಹಿಡಿದವು.

ಆ ದಿನ ಹೊತ್ತು ಒಂದು ಮಾರು ಇರುವಾಗ ಎಲ್ಲರೂ ಉಣ್ಣಲು ಕೂತಿದ್ದರು. ಶಾಂತಿನಾಥ ತಾಟಿನ ಮುಂದೆ ಕೂತು ತಂದೆಗೆ ಹೇಳಿದ:

“ಕಾರಖಾನ್ಯಾಗ ಹೇಳಿ ಇಡಪ್ಪಾ. ನನಗೇನೂ ಬರೂದಿಲ್ಲ. ಓದಿದ್ದೆಲ್ಲಾ ತಪ್ಪಾಗಿ ಓದೀನಿ. ನೀರ ಕಡಿಮಿ ಕುಡದ ಹೊಲಾನ ಸವಳ ಆದುವು. ಹಾಳ ಮಾಡಿದಾವ ನಾನ.”

“ಹಂಗ ಅನಬ್ಯಾಡ,” ಎಂದಳು ಚಂದ್ರಮತಿ.

“ಮತ್ತ ಹೆಂಗ ಅನ್ನಲವ್ವಾ? ರುಕ್ಮವ್ವಕ್ಕನ ಹೊಲಾ ನೋಡಿದಿಯಿಲ್ಲ?”

“ನಿನ್ನ ಓದ ತಪ್ಪಲ್ಲ. ನೀ ಬಿಡಸಿದ ನೀರ ಹೊಳ್ಯಾಗ ಉಳದಿಲ್ಲ. ದಿಬ್ಬದ ಹೊಲಕ್ಕ ಹೋಗೈತಿ. ಒಂಬತ್ತು ಮನೀದೂ. ಅಲ್ಲಿಂದ ನೆಲದಾಗ ಇಳದು ಕೆಳಗಿನ ಹೊಲಕ್ಕ ಬಂದೈತಿ.”

ಶಾಂತಿನಾಥ ಅಣ್ಣನ ಕಡೆ ತಿರುಗಿದ. ಧರಣೇಂದ್ರ ತಾಟಿನಿಂದ ಕೈ ಎತ್ತಿರಲಿಲ್ಲ.

“ಖರೇ ಏನಣ್ಣಾ?”

“ಖರೇ.”

“ನಾ ಮೂರ ತಿಂಗಳಿಂದ ಹುರಿ ಇಳಿಬಿಡಕೋತ ತಿರಗಾಕತ್ತೀನಿ. ನೀ ನೋಡಕೋತ ಇದ್ದಿ.”

“ನೀ ಕೇಳಿದ್ರ ಹೇಳತಿದ್ನಿ. ಪೈಪಿನ್ಯಾಗ ಹುರಿ ಬಿಟ್ಟಿ, ತಲಿ ಎತ್ತಿ ಒಮ್ಮೆ ದಿಬ್ಬದ ಕಡೆ ನೋಡಲಿಲ್ಲ. ನಿಮ್ಮ ನೇಮದಾಗ ನೋಡಬಾರದಂತ ಐತಲ್ಲ.”

“ನೇಮಾ ತೊಟ್ಟಾವ ನಾನಲ್ಲ, ಅವರು.”

“ತೊಡಿಸಿದಾವ ನೀನ.”

ಜಿನ್ನಪ್ಪ ಹಿರಿಯ ಮಗನಿಗೆ ಬೈದರು, ಕಿರಿಯ ಮಗನಿಗೆ ಬೈದರು, ಕಡೆಗೆ ಹೆಂಡತಿಯ ಕಡೆ ತಿರುಗಿದರು. “ನಿನಗ ಯಾವಾಗ ಗೊತ್ತಾತು?”

“ಪುಷ್ಯದಾಗ.”

ಶಾಂತಿನಾಥ ತಾಯಿಯ ಮೋರೆ ನೋಡಿದ. ತಾಟನ್ನು ಮುಂದಕ್ಕೆ ಸರಿಸಿ ಎದ್ದ. ಹೊರಗೆ ಹೊತ್ತು ಮುಳುಗಿತು. ಅವನ ಹಿಂದೆ ಯಾರೂ ಉಣ್ಣಲಿಲ್ಲ.

ಮರುದಿನದಿಂದ ಧರಣೇಂದ್ರ ಬಿಟ್ಟ ಪಾಳಿಯನ್ನು ಮುಟ್ಟಲಿಲ್ಲ. ತಮ್ಮನಿಗೆ ಅದನ್ನು ಬಾಯಿಬಿಟ್ಟು ಹೇಳಲೂ ಇಲ್ಲ. ಸುಗಂಧಾ ಬುತ್ತಿ ಕಟ್ಟಲಿಲ್ಲ, ಅಷ್ಟರಿಂದ ಮನೆಗೆ ತಿಳಿಯಿತು. ಆದರೆ ಅದೇ ವಾರ ಕಾಡಸಿದ್ದ ಬಾಬಾಸಾಹೇಬನಿಗೆ ತಲೆಗೆ ಸುತ್ತಲು ಒಂದು ಪಟಗಾ ಕೊಡಿಸಿ ಆ ನೀರನ್ನು ತನ್ನ ಕಡೆ ತಿರುಗಿಸಿಕೊಂಡ. ಶಾಂತಿನಾಥ ಲಿಫ್ಟ್ ಸಂಘದ ಚೇರ್ಮನ್ನರ ಮನೆಗೆ ಹೋದ. ಮೋಟರು ನಿಲ್ಲಿಸಲು ಠರಾವು ಬೇಕು, ಠರಾವಿಗೆ ವಾರ್ಷಿಕ ಸಭೆ ಆಗಬೇಕು, ಸಭೆ ಭಾದ್ರಪದದಲ್ಲಿ ಎಂದು ಅವರು ನಿಧಾನವಾಗಿ ಹೇಳಿ ಚಹಾ ಕುಡಿಸಿದರು.

ಉಳಿದದ್ದು ಒಂದೇ ದಾರಿ. ಒಂಬತ್ತು ಮನೆಯವರೂ ತಮ್ಮ ಪಾಳಿಯನ್ನು ತಾವೇ ಮರಳಿ ತೆಗೆದುಕೊಂಡು, ಹೊಲಕ್ಕೆ ಹಾಯಿಸದೆ ಸೀದಾ ಹಳ್ಳಕ್ಕೆ ಹರಿಯಬಿಡಬೇಕು. ಆಗ ಅದು ದಿಬ್ಬ ಹತ್ತುವುದಿಲ್ಲ. ಶಾಂತಿನಾಥನ ಜತೆ ಚಂದ್ರಮತಿಯೂ ಮನೆಮನೆ ತಿರುಗಿದಳು. ಯಾರೂ ಬೈಯಲಿಲ್ಲ. ಕಂಬಳಿ ಹಾಸಿ ಕೂಡಿಸಿದರು.

“ನಿಮ್ಮ ಮಗನ ಮಾತಿಗೆ ಬಿಟ್ಟಿದ್ರ ನಾಳೆ ಹಿಡಿತಿದ್ನಿ ಚಂದ್ರಮತಕ್ಕಾ,” ಎಂದಳು ರುಕ್ಮವ್ವ. “ಮಹಾರಾಜರ ಮುಂದ ಕೈ ಮುಗದು ಹೇಳೀನಿ. ಹೊಲಾ ಹೋತು. ನಾಲಿಗೀನೂ ಹೋಗಲೇನು?”

“ಅದಲ್ಲ ರುಕ್ಮವ್ವಾ, ಆ ನೀರ ಎಲ್ಲಿ ಹೋಗಾಕತ್ತೈತಿ ಅಂದ್ರ–”

ರುಕ್ಮವ್ವ ಎರಡೂ ಕಿವಿಗೆ ಅಂಗೈ ಒತ್ತಿಕೊಂಡಳು. “ಹೇಳಬ್ಯಾಡ್ರಿ. ನಿಮ್ಮ ಕಾಲ ಹಿಡಿತೀನಿ, ಹೇಳಬ್ಯಾಡ್ರಿ.”

ನೇಮ ಕೊಟ್ಟವರೇ ಅದನ್ನು ಬಿಡಿಸಬಹುದೆಂದು ಬಸದಿಯ ಪಂಡಿತರು ಹೇಳಿದರು. ಮಹಾರಾಜರು ಸೋಲಾಪುರವನ್ನೂ ದಾಟಿ ಹೋಗಿದ್ದರು. ಯಾವ ಊರಿನಲ್ಲಿ ಇಳಿದಿದ್ದಾರೆ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಚಂದ್ರಮತಿಯ ಬಿಟ್ಟ ಪಾಳಿ ಚೈತ್ರ ಶುದ್ಧ ಏಕಾದಶಿಗೆ ಬಂತು. ಅವಳು ಬೆಳಿಗ್ಗೆ ಮಿಂದು ಬಸದಿಗೆ ಹೋಗಿ, ಒಳಗೆ ಕಾಲಿಡದೆ ಹೊಸ್ತಿಲಿಗೆ ಹಣೆ ಹಚ್ಚಿ ಬಂದಳು. ಒಲೆಯ ಮುಂದೆ ಕೂಡಲಿಲ್ಲ, ಏನೂ ಉಣ್ಣಲಿಲ್ಲ. ಮಧ್ಯಾಹ್ನ ಸಲಿಕೆ ತೆಗೆದುಕೊಂಡು ಹೊಲಕ್ಕೆ ಹೊರಟಾಗ ಸುಗಂಧಾ ಹಿಂದೆ ಬಂದಳು.

“ಎಲ್ಲಿಗ್ರಿ ಅತ್ತಿ? ಇವತ್ತ ಬಿಟ್ಟ ದಿನ ಐತಿ.”

“ಗೊತ್ತೈತಿ.”

“ನೀವು ಒಬ್ಬಾಕಿ ಹೋದ್ರ ಏನಾಗತೈತಿ? ಒಂಬತ್ತರಾಗ ಒಂದು.”

“ದಿಬ್ಬಕ್ಕ ಒಂದರ ಕಡಿಮಿ ಹತ್ತಲಿ.”

ಬಾಬಾಸಾಹೇಬ ಮೊದಲು ನಂಬಲಿಲ್ಲ. ಆಮೇಲೆ ಕೀಲಿ ತಿರುಗಿಸಿದ. ನೀರು ಬುಸುಗುಟ್ಟುತ್ತ ಬಂತು. ಅವಳು ಹೊಲದ ಮಡಿಯ ಬಾಯಿಗೆ ಮಣ್ಣು ಕಟ್ಟಿ, ಹಳ್ಳದ ಕಡೆಯ ಬದುವನ್ನು ಸಲಿಕೆಯಿಂದ ಒಡೆದಳು. ಒಣಗಿದ ಕಬ್ಬಿನ ಮಗ್ಗುಲಲ್ಲೇ ನೀರು ಸೀದಾ ಹಳ್ಳಕ್ಕೆ ಬೀಳತೊಡಗಿತು.

“ಅವ್ವಾರ, ಇಷ್ಟ ನೀರ ಚೆಲ್ಲಿದ್ದನ್ನ ನಾ ಹುಟ್ಟಿ ನೋಡಿಲ್ಲ,” ಎಂದ ಬಾಬಾಸಾಹೇಬ.

ರುಕ್ಮವ್ವ ಆ ದಿನ ಆ ದಾರಿಗೆ ಬರುವವಳಲ್ಲ. ಆದರೆ ಕರು ಹಗ್ಗ ಹರಿದುಕೊಂಡು ಹಳ್ಳಕ್ಕೆ ಓಡಿತ್ತು, ಅದನ್ನು ಹುಡುಕುತ್ತ ಬಂದಳು. ನೀರನ್ನು ನೋಡಿದಳು, ಸಲಿಕೆ ಹಿಡಿದವಳನ್ನು ನೋಡಿದಳು.

“ನೀವ ಏನಕ್ಕಾ?” ಎಂದಳು. ಕರುವನ್ನು ಅಲ್ಲಿಯೇ ಬಿಟ್ಟು, ಬಂದ ದಾರಿಯಲ್ಲೇ ಹಿಂದಿರುಗಿದಳು.

ಮಾತು ಅಂದೇ ಊರಾಡಿತು. ಸಲಹೆ ಕೊಟ್ಟವನ ತಾಯಿಯೇ ಮೊದಲು ನೇಮ ಮುರಿದಳು. ಮುರಿದದ್ದಲ್ಲದೆ ನೀರನ್ನು ಹಳ್ಳಕ್ಕೆ ಚೆಲ್ಲಿದಳು. ನೀರು ಉಳಿಸಿ ಎಂದು ಮನೆಮನೆಗೆ ಹೇಳಿಕೊಂಡು ಬಂದವರ ಮನೆಯವರು ಹೀಗೆ ಮಾಡಿದರು. ಎರಡು ದಿನದೊಳಗೆ ಎಂಟು ಮನೆಯವರೂ ಶಾಂತಿನಾಥ ನೆಟ್ಟಿದ್ದ ಪೈಪುಗಳನ್ನು ಕಿತ್ತು, ಮಣ್ಣು ಹೋಗುವಂತೆ ಚೆನ್ನಾಗಿ ತೊಳೆದು, ಒಬ್ಬೊಬ್ಬರಾಗಿ ತಂದು ಅಂಗಳದಲ್ಲಿ ಸಾಲಾಗಿ ಇಟ್ಟು ಹೋದರು. ಕೊಟ್ಟ ಐವತ್ತು ರೂಪಾಯಿಯನ್ನು ಒಬ್ಬರೂ ಕೇಳಲಿಲ್ಲ. ನೀರು ಕುಡಿಯಿರಿ ಎಂದರೆ, “ಈಗರ ಕುಡದ ಬಂದೀವ್ರಿ,” ಎಂದರು.

ಶಾಂತಿನಾಥ ಪೈಪುಗಳ ಮುಂದೆ ಕುಕ್ಕರಗಾಲಲ್ಲಿ ಕೂತ. “ಎಂಟು ಮಂದೀನೂ ನೇಮಾ ಗಟ್ಟಿ ಹಿಡದಾರವ್ವಾ,” ಎಂದ. “ಇನ್ನ ಅವರು ಯಾರ ಮಾತೂ ಕೇಳೂದಿಲ್ಲ.”

“ನಾ ತಪ್ಪ ಮಾಡಿದೆ?”

“ನೀ ಮಾಡಿದ್ದ ಸರಿ ಐತಿ. ಪುಷ್ಯದಾಗ ಮಾಡಬೇಕಿತ್ತು.”

ಅಕ್ಷಯ ತದಿಗೆಯ ಮರುದಿನ ಅವನು ಕಾಗವಾಡದ ಖೋಲಿಯ ಕೀಲಿಕೈ ಕೊಟ್ಟು, ಕಾರಖಾನೆಗೆ ಹೋಗಿ ಹಾಜರಾದ. ಜಿನ್ನಪ್ಪ ಕೊಟ್ಟ ವರ್ಷ ಮುಗಿಯಲು ಇನ್ನೂ ಎರಡು ತಿಂಗಳಿತ್ತು.

ವೈಶಾಖದಲ್ಲಿ ಚಂದ್ರಮತಿಯ ಬಿಟ್ಟ ಪಾಳಿ ಮತ್ತೆ ಬಂತು. ಅವಳು ಸಲಿಕೆ ಎತ್ತಿದಾಗ ಜಿನ್ನಪ್ಪ ಬಾಗಿಲಿಗೆ ಅಡ್ಡ ನಿಂತರು.

“ನೇಮಾ ಮುರೀತು, ಹೊಲಾ ಹೋತು, ಹುಡುಗನ ಅಂಗಡಿ ಮುಚ್ಚಿತು. ಇನ್ನ ಯಾಕ ಹೊಂಟಿ?”

“ನಾ ಹೋಗಲಿಲ್ಲಂದ್ರ ಅದು ಮ್ಯಾಲ ಹೋಗತೈತ್ರಿ.”

“ಹೋಗಲಿ. ಕೆಳಗ ಉಳದದ್ದರ ಏನೈತಿ?”

ಚಂದ್ರಮತಿ ಸಲಿಕೆಯನ್ನು ಹೆಗಲಿಗೇರಿಸಿದಳು. ಅವರ ಮಗ್ಗುಲಿಂದ ಹಾದು ಹೊರಟಳು.

ಬದು ಒಡೆದು ನೀರನ್ನು ಹಳ್ಳಕ್ಕೆ ತಿರುಗಿಸಿ ನಿಂತಾಗ, ದಿಬ್ಬದ ದಾರಿಯಲ್ಲಿ ಒಂದು ಸೈಕಲ್ಲು ನಿಂತಿತು. ಕಾರಖಾನೆಯ ದಪ್ಪ ರಟ್ಟಿನ ಕಬ್ಬಿನ ನೋಂದಣಿ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಶಾಂತಿನಾಥ ಇಳಿದ. ಕೆಳಗೆ ತಾಯಿ ನಿಂತದ್ದು ಅವನಿಗೆ ಕಂಡಿತು. ಕೈ ಎತ್ತಲಿಲ್ಲ. ಕಾಡಸಿದ್ದ ಹೊಸದಾಗಿ ಕಬ್ಬು ನಾಟಿ ಮಾಡಿದ ಸಾಲುಗಳ ನಡುವಿನಿಂದ ನಗುತ್ತ ಅವನ ಎದುರಿಗೆ ಬಂದ. ಗಾಳಿ ಅತ್ತಲಿಂದಲೇ ಬೀಸುತ್ತಿತ್ತು, ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

“ಹ್ವಾದ ಸರ್ತಿ ಮೂರ ಎಕರೆ ಬರದಾರ. ಈಗ ಎಷ್ಟ ಬರಕೊಳ್ಳಲ್ರಿ?”

“ಐದ ಬರ್ಕೊರಿ ಸಾಹೇಬ್ರ. ನೀರಿಗೇನ ಕೊರತಿಲ್ಲ.”

ಶಾಂತಿನಾಥ ಸೈಕಲ್ಲಿನ ಸೀಟಿನ ಮೇಲೆ ಪುಸ್ತಕ ಇಟ್ಟುಕೊಂಡು ಐದು ಎಂದು ಬರೆದ. ನೀರಿನ ಆಸರೆ ಎಂಬ ಕಾಲಮಿನ ಮುಂದೆ ಲಿಫ್ಟ್ ಎಂದು ಬರೆದು, ರೈತರ ಸಹಿ ಎಂಬಲ್ಲಿ ಕಾಡಸಿದ್ದನ ಹೆಬ್ಬೆಟ್ಟು ಒತ್ತಿಸಿಕೊಂಡ. ಆಮೇಲೆ ಮುಂದಿನ ಹಾಳೆ ತಿರುವಿ, ಅದರಾಚೆಯ ತಮ್ಮದೇ ಹೊಲದ ಕಡೆಗೆ ಸೈಕಲ್ಲು ನೂಕುತ್ತ ನಡೆದ. ಅಲ್ಲಿ ಧರಣೇಂದ್ರ ಬದುವಿನ ಮೇಲೆ ಕಾಯುತ್ತ ನಿಂತಿದ್ದ.